ಶಿಶುಸುನ್ನತಿಯ ವಾದ: ಹೇತುವಿಚಾರವೂ ಅಧಿಕಾರವಿಚಾರವೂ

೧

ಒಂದು ಕರ್ಮಕ್ಕೆ ಜನರು ಇಟ್ಟ ಹೆಸರಿನಲ್ಲಿಯೇ ಅದನ್ನು ಕುರಿತ ವಾದದ ಅರ್ಧಭಾಗ ಅಡಗಿರುವುದುಂಟು. ಗಂಡುಕೂಸಿನ ಜನನೇಂದ್ರಿಯದ ಮುಂದೊಗಲನ್ನು ಕತ್ತರಿಸಿ ತೆಗೆಯುವ ಕರ್ಮಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಮೂರು ಹೆಸರುಗಳು ಬಳಕೆಯಲ್ಲಿವೆ. ಖತ್ನಾ ಎಂಬುದು ಅರಬ್ಬೀ ಮೂಲದ ಶಬ್ದ. ಕತ್ತರಿಸುವ ಕ್ರಿಯೆಯನ್ನೇ ಅದು ಹೇಳುವುದು. ಸುನ್ನತ್ ಅಥವಾ ಸುನ್ನತಿ ಎಂಬುದೂ ಅರಬ್ಬಿಯಿಂದ ಬಂದುದೇ ಆದರೂ ಅದರ ಮೂಲಾರ್ಥ ಬೇರೆ. ನಡೆದು ಬಂದ ಹಾದಿ, ಪ್ರವಾದಿಯ ಆಚಾರ ಎಂದು ಅದರ ತಾತ್ಪರ್ಯ. ಯೆಹೂದ್ಯರ ಕರ್ಮವನ್ನು ಹೇಳಬೇಕಾದಲ್ಲಿಯೂ ಕನ್ನಡ ಬೈಬಲ್ಲಿನಲ್ಲಿ ಇದೇ ಶಬ್ದವನ್ನು ಇಟ್ಟಿರುವುದು ಗಮನಿಸತಕ್ಕುದಾಗಿದೆ. ಮೂರನೆಯದು ಮುಂಜಿ. ಮುಂಜವೆಂಬ ಹುಲ್ಲಿನಿಂದ ಹೊಸೆದ ಮೌಂಜೀಮೇಖಲೆಯಿಂದ ಹುಟ್ಟಿ, ವಟುವಿನ ಉಪನಯನಕ್ಕೆ ಹೆಸರಾಗಿ ನಿಂತ ಈ ಮಾತನ್ನು ಕನ್ನಡ ಜನರು ಮುಸಲ್ಮಾನರ ಮನೆಯ ಸುನ್ನತಿಗೂ ಸಲ್ಲಿಸಿರುವರು. ಸಾಮೂಹಿಕ ಸುನ್ನತ್ ಮುಂಜಿ ಎಂಬ ಪ್ರಕಟಣೆಗಳನ್ನು ಕರಾವಳಿಯ ಊರುಗಳಲ್ಲಿ ಇಂದಿಗೂ ಕಾಣಬಹುದು.

ಈ ಮೂರು ಶಬ್ದಗಳು ಒಂದೇ ವಸ್ತುವನ್ನು ಮೂರು ದಿಕ್ಕುಗಳಿಂದ ನೋಡಿವೆ: ಮೊದಲನೆಯದು ಗಾಯವನ್ನು ಕಂಡಿತು, ಎರಡನೆಯದು ಪರಂಪರೆಯನ್ನು ಕಂಡಿತು, ಮೂರನೆಯದು ಸಂಸ್ಕಾರವನ್ನು ಕಂಡಿತು. ಯೂರೋಪು ಅಮೆರಿಕಗಳಲ್ಲಿ ಶಿಶುಸುನ್ನತಿಯನ್ನು ಕುರಿತು ಬಹುಕಾಲದಿಂದ ನಡೆದು, ೨೦೧೨ರಿಂದೀಚೆಗೆ ವಿಶೇಷವಾಗಿ ಬಿಸಿಯೇರಿರುವ ವಾದವನ್ನು ಓದುತ್ತ ಹೋದಂತೆ ನನಗೆ ತೋರಿದುದೇನೆಂದರೆ, ಅಲ್ಲಿಯ ಪ್ರತಿಯೊಬ್ಬ ವಾದಿಯೂ ಈ ಮೂರರಲ್ಲಿ ಒಂದನ್ನು ಹಿಡಿದು ಉಳಿದೆರಡನ್ನು ಕೈಬಿಟ್ಟಿದ್ದಾನೆ ಎಂಬುದು.

ನಾನು ವೈದ್ಯನಲ್ಲ, ಯೆಹೂದ್ಯರ ಅಥವಾ ಮುಸಲ್ಮಾನರ ಧರ್ಮಶಾಸ್ತ್ರದಲ್ಲಿ ನನಗೆ ಅಧಿಕಾರವೂ ಇಲ್ಲ. ಪಾಠಶಾಲೆಯಲ್ಲಿ ಮೀಮಾಂಸೆಯನ್ನೂ ತರ್ಕವನ್ನೂ ಓದಿದವನು. ವಿಧಿ ಯಾವುದು, ಅದನ್ನು ಹೊಗಳುವ ಅರ್ಥವಾದ ಯಾವುದು, ಹೇತುವೆಂದು ಹೇಳಿದುದು ನಿಜವಾಗಿ ಹೇತುವೆ, ಕರ್ಮವನ್ನು ಮಾಡುವ ಅಧಿಕಾರ ಯಾರದು, ಫಲ ಯಾರಿಗೆ ಎಂದು ಕೇಳುವುದನ್ನು ಆ ಶಾಸ್ತ್ರಗಳು ಕಲಿಸುತ್ತವೆ. ಆ ಪ್ರಶ್ನೆಗಳನ್ನೇ ಈ ವಾದದ ಮುಖ್ಯ ವಾಕ್ಯಗಳಿಗೆ ಹಾಕಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

೨

ಮೊದಲು ವಿಷಯವಾಕ್ಯ. ೨೦೧೦ನೆಯ ನವೆಂಬರಿನಲ್ಲಿ ಜರ್ಮನಿಯ ಕೊಲೋನ್ ನಗರದಲ್ಲಿ ನಾಲ್ಕು ವರ್ಷದ ಮುಸಲ್ಮಾನ ಬಾಲಕನೊಬ್ಬನಿಗೆ, ಮಾತಾಪಿತೃಗಳ ಇಚ್ಛೆಯಂತೆ, ವೈದ್ಯನೊಬ್ಬನು ಸುನ್ನತಿ ಮಾಡಿದನು. ಎರಡು ದಿನಗಳ ಮೇಲೆ ರಕ್ತಸ್ರಾವವಾಗಿ ಬಾಲಕನನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ವಿಚಾರ ನ್ಯಾಯಸ್ಥಾನಕ್ಕೆ ಹೋಯಿತು. ಕೆಳಗಿನ ನ್ಯಾಯಸ್ಥಾನವು ೨೦೧೧ರಲ್ಲಿ ವೈದ್ಯನನ್ನು ನಿರ್ದೋಷಿಯೆಂದು ಬಿಟ್ಟಿತು. ಮೇಲಿನ ನ್ಯಾಯಸ್ಥಾನವು ೨೦೧೨ನೆಯ ಮೇ ೭ರಂದು ಕೊಟ್ಟ ತೀರ್ಪು ವಿಚಿತ್ರವಾದುದು. ಶಸ್ತ್ರಕರ್ಮವು ವೈದ್ಯಶಾಸ್ತ್ರದ ಕ್ರಮಕ್ಕೆ ಅನುಸಾರವಾಗಿಯೇ ನಡೆದಿದೆ. ಆದರೂ ಅದು ದೇಹಕ್ಕೆ ಮಾಡಿದ ಗಾಯವೇ ಸರಿ. ತಂದೆತಾಯಿಗಳ ಸಮ್ಮತಿ ಅದನ್ನು ನಿರ್ದೋಷಗೊಳಿಸಲಾರದು. ಬಾಲಕನ ಶರೀರವು ಮತ್ತೆ ಸರಿಪಡಿಸಲಾಗದಂತೆ ಮಾರ್ಪಟ್ಟಿದೆ. ಮುಂದೆ ತನ್ನ ಮತವನ್ನು ತಾನೇ ನಿರ್ಧರಿಸುವ ಅವನ ಹಿತಕ್ಕೆ ಅದು ವಿರುದ್ಧ. ಅವನು ಬೆಳೆದು ತಾನೇ ತೀರ್ಮಾನಿಸುವವರೆಗೆ ಕಾದಿರುವುದು ತಂದೆತಾಯಿಗಳಿಗೆ ಅಸಹ್ಯವಾದ ಹೊರೆಯಲ್ಲ. ಇಷ್ಟು ಹೇಳಿ, ಕಾನೂನು ಅಸ್ಪಷ್ಟವಾಗಿದ್ದುದರಿಂದ ವೈದ್ಯನ ತಪ್ಪುತಿಳಿವಳಿಕೆ ಅನಿವಾರ್ಯವಾಗಿತ್ತೆಂದು ಅವನನ್ನು ಬಿಡುಗಡೆ ಮಾಡಿತು. ಕರ್ಮ ದುಷ್ಟ, ಕರ್ತೃ ನಿರ್ದುಷ್ಟ ಎಂಬುದು ತೀರ್ಪಿನ ಸಾರ.

ಅದೇ ಜೂನ್ ತಿಂಗಳಲ್ಲಿ ತೀರ್ಪು ಬಹಿರಂಗವಾದೊಡನೆ ಯೆಹೂದ್ಯರೂ ಮುಸಲ್ಮಾನರೂ ಒಂದಾಗಿ ಪ್ರತಿಭಟಿಸಿದರು. ಜರ್ಮನಿಯ ಶಾಸನಸಭೆ ೨೦೧೨ನೆಯ ಡಿಸೆಂಬರ್ ೧೨ರಂದು ಸಿವಿಲ್ ಸಂಹಿತೆಗೆ ಹೊಸದೊಂದು ವಿಧಿಯನ್ನು ಸೇರಿಸಿತು. ೪೩೪ ಮತಗಳು ಪರವಾಗಿ, ೧೦೦ ವಿರೋಧವಾಗಿ ಬಿದ್ದುವು. ೪೬ ಮಂದಿ ತಟಸ್ಥರಾದರು. ತಾನೇ ತಿಳಿದು ತೀರ್ಮಾನಿಸಲಾರದ ಗಂಡುಮಗುವಿಗೆ, ವೈದ್ಯಕೀಯವಾದ ಅಗತ್ಯವಿಲ್ಲದಿದ್ದರೂ, ವೈದ್ಯಕಲೆಯ ನಿಯಮದಂತೆ ಸುನ್ನತಿ ಮಾಡಿಸಲು ತಂದೆತಾಯಿಗಳು ಒಪ್ಪಿಗೆ ಕೊಡಬಹುದು. ಅದರ ಉದ್ದೇಶವನ್ನು ಗಮನಿಸಿದ ಮೇಲೂ ಮಗುವಿನ ಹಿತಕ್ಕೆ ಬಾಧಕವಾಗುವುದಾದರೆ ಕೊಡಕೂಡದು. ಮೊದಲ ಆರು ತಿಂಗಳಲ್ಲಿ, ಮತಸಮುದಾಯವು ನೇಮಿಸಿದ, ವಿಶೇಷ ಶಿಕ್ಷಣ ಪಡೆದು ವೈದ್ಯನಿಗೆ ಸಮಾನವಾದ ಕುಶಲತೆಯುಳ್ಳವನು ವೈದ್ಯನಲ್ಲದಿದ್ದರೂ ಮಾಡಬಹುದು. ಇದು ಆ ವಿಧಿಯ ಭಾವ.

ತೀರ್ಪನ್ನೂ ವಿಧಿಯನ್ನೂ ಎದುರುಬದುರಾಗಿ ಇಟ್ಟು ಓದಿದರೆ ಎರಡರಲ್ಲಿಯೂ ಒಂದೇ ಕೊರತೆ ಕಾಣುವುದು. ಮಗುವಿನ ಹಿತ ಎಂಬ ಶಬ್ದದ ಮೇಲೆ ಎರಡೂ ನಿಂತಿವೆ. ಹಿತವೆಂದರೇನೆಂಬುದನ್ನು ಯಾವುದೂ ವಿವರಿಸಿಲ್ಲ. ನ್ಯಾಯಸ್ಥಾನಕ್ಕೆ ಹಿತವೆಂದರೆ ಕತ್ತರಿಸದ ಶರೀರ. ಶಾಸನಸಭೆಗೆ ಹಿತವೆಂದರೆ ತನ್ನ ಕುಲದವರ ನಡುವೆ ಬೆಳೆಯುವ ಬಾಲ್ಯ. ಇನ್ನೊಂದು ಸೂಕ್ಷ್ಮವೂ ಇದೆ. ವಿಧಿಯ ಮೊದಲನೆಯ ಭಾಗದಲ್ಲಿ ಮತವೆಂಬ ಮಾತೇ ಬಾರದು. ಎರಡನೆಯ ಭಾಗದಲ್ಲಿ, ಕರ್ಮ ಮಾಡುವವನು ಯಾರೆಂದು ಹೇಳುವಾಗ ಮಾತ್ರ ಅದು ತಲೆದೋರುವುದು. ಮತಕ್ಕಾಗಿಯೇ ಮಾಡಿದ ಶಾಸನವು ಮತದ ಹೆಸರನ್ನು ಬಾಗಿಲಲ್ಲಿ ಹೇಳಲು ಸಂಕೋಚಪಟ್ಟಿದೆ. ಈ ಸಂಕೋಚವೇ ಮುಂದಿನ ವಿಚಾರಕ್ಕೆ ದಾರಿ.

೩

ಕರ್ಮದ ಮೂಲವಿಧಿಯನ್ನು ನೋಡೋಣ. ಬೈಬಲ್ಲಿನ ಆದಿಕಾಂಡದ ೧೭ನೆಯ ಅಧ್ಯಾಯದಲ್ಲಿ, ದೇವರಿಗೂ ಅಬ್ರಹಾಮನಿಗೂ ಆದ ಒಡಂಬಡಿಕೆಯ ಗುರುತಾಗಿ, ಹುಟ್ಟಿದ ಎಂಟನೆಯ ದಿನ ಗಂಡುಮಗುವಿಗೆ ಸುನ್ನತಿಯಾಗಬೇಕೆಂಬ ಆಜ್ಞೆ ಇದೆ. ಆಗದವನು ಜನಾಂಗದಿಂದ ಹೊರಗಾಗುವನೆಂಬ ಪ್ರತ್ಯವಾಯವೂ ಇದೆ. ಆರೋಗ್ಯವೆಂದಾಗಲಿ ಶುಚಿತ್ವವೆಂದಾಗಲಿ ಅಲ್ಲಿ ಒಂದಕ್ಷರವೂ ಇಲ್ಲ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಇದು ದೃಷ್ಟಫಲವನ್ನು ಹೇಳದ ಶುದ್ಧವಿಧಿ.

ವಿಧಿಗೆ ಹೇತುವನ್ನು ಹುಡುಕಿದವರು ಅನಂತರದವರು. ಕ್ರಿಸ್ತಶಕ ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಯೆಹೂದ್ಯ ತತ್ತ್ವಜ್ಞ ಫಿಲೋ, ಹಿಂದಿನವರಿಂದ ಬಂದ ಹೇತುಗಳೆಂದು ನಾಲ್ಕನ್ನು ಎಣಿಸುತ್ತಾನೆ: ಒಂದು ಬಗೆಯ ರೋಗದ ನಿವಾರಣೆ, ಶೌಚ, ಹೃದಯದೊಡನೆ ಆ ಅಂಗಕ್ಕೆ ಇರುವ ಸಾದೃಶ್ಯ, ಸಂತಾನವೃದ್ಧಿ. ಇವುಗಳಿಗೆ ತನ್ನವೆಂದು ಎರಡು ಸಂಕೇತಾರ್ಥಗಳನ್ನು ಸೇರಿಸುತ್ತಾನೆ: ಭೋಗಾಸಕ್ತಿಯನ್ನು ಕತ್ತರಿಸುವುದು, ಅಹಂಕಾರವನ್ನು ಕತ್ತರಿಸುವುದು. ಸಂಕೇತಾರ್ಥವೇ ಸಾಕು, ಕರ್ಮ ಬೇಡ ಎಂಬವರನ್ನು ಅವನೇ ಇನ್ನೊಂದು ಗ್ರಂಥದಲ್ಲಿ ಖಂಡಿಸುವುದನ್ನೂ ಮರೆಯಬಾರದು; ಲಕ್ಷ್ಯಾರ್ಥ ದೊರೆಯಿತೆಂದು ಮುಖ್ಯಾರ್ಥವನ್ನು ಬಿಡಲು ಅವನು ಒಪ್ಪನು.

ಸುಮಾರು ಸಾವಿರದ ನೂರು ವರ್ಷಗಳ ಮೇಲೆ ಬಂದ ಮೈಮೊನಿಡೀಸನು ಧರ್ಮಶಾಸ್ತ್ರಜ್ಞನೂ ಹೌದು, ವೈದ್ಯನೂ ಹೌದು. ಅವನು ಹೇಳಿದ ಹೇತು ಬೇರೆ. ಈ ಕರ್ಮವು ಶರೀರದ ಯಾವುದೋ ಕೊರತೆಯನ್ನು ತುಂಬುವುದಕ್ಕಲ್ಲ, ನಡತೆಯ ಕೊರತೆಯನ್ನು ತುಂಬುವುದಕ್ಕೆ. ಇಂದ್ರಿಯದ ಬಲವನ್ನೂ ಸುಖವನ್ನೂ ಕುಂದಿಸುವುದಕ್ಕೆ. ಮತ್ತು ಒಂದೇ ನಂಬಿಕೆಯವರಿಗೆ ಒಂದೇ ಗುರುತಾಗಿರುವುದಕ್ಕೆ ಎಂಬುದು ಅವನ ಮತ. ಶೈಶವದಲ್ಲಿಯೇ ಏಕೆಂಬುದಕ್ಕೆ ಮೂರು ಕಾರಣಗಳನ್ನು ಕೊಡುತ್ತಾನೆ: ಬೆಳೆಯಲು ಬಿಟ್ಟರೆ ಮಾಡಿಸಿಕೊಳ್ಳದೆಯೇ ಹೋಗಬಹುದು, ಎಳೆಗೂಸಿನ ಚರ್ಮ ಮೃದು, ಕಲ್ಪನೆ ದುರ್ಬಲ, ಆದುದರಿಂದ ನೋವು ಕಡಮೆ, ಹುಟ್ಟಿದ ಹೊಸದರಲ್ಲಿ ತಂದೆತಾಯಿಗಳ ಮಮತೆ ಇನ್ನೂ ಬಲಿತಿರುವುದಿಲ್ಲ. ಈ ಮೂರನೆಯ ಕಾರಣವನ್ನು ಓದಿದವನು ಒಂದು ಕ್ಷಣ ಪುಸ್ತಕವನ್ನು ಮುಚ್ಚದೆ ಇರಲಾರನು. ಆದರೆ ಇಷ್ಟು ನಿರ್ಭಯವಾಗಿ ತನ್ನ ಪಕ್ಷದ ಕಷ್ಟವನ್ನು ತಾನೇ ಹೇಳಿದ ಮಂಡಕನನ್ನು ಈಚಿನ ವಾದಗ್ರಂಥಗಳಲ್ಲಿ ನಾನು ಕಾಣಲಿಲ್ಲ. ಇಂದಿನ ಸಮರ್ಥಕರು ಸುಖ ಕುಂದುವುದೇ ಇಲ್ಲವೆಂದು ಸಾಧಿಸಹೊರಡುತ್ತಾರೆ. ಮೈಮೊನಿಡೀಸನು ಕುಂದುವುದೇ ಪ್ರಯೋಜನವೆಂದನು. ಹೇತು ತಲೆಕೆಳಗಾಗಿದೆ, ಕರ್ಮ ಹಾಗೆಯೇ ನಿಂತಿದೆ.

ಮಿದ್ರಾಷಿನಲ್ಲಿ ಬರುವ ಒಂದು ಸಂವಾದವೂ ಇಲ್ಲಿ ಸ್ಮರಣೀಯ. ದೇವರಿಗೆ ಇದು ಬೇಕಾಗಿದ್ದರೆ ಮಗು ಹಾಗೆಯೇ ಹುಟ್ಟುತ್ತಿರಲಿಲ್ಲವೆ ಎಂದು ರೋಮಿನ ಅಧಿಕಾರಿಯೊಬ್ಬನು ರಬ್ಬಿ ಅಕೀವನನ್ನು ಕೇಳುತ್ತಾನೆ. ಅಕೀವನು ಗೋದಿಯ ತೆನೆಗಳನ್ನೂ ಗೋದಿಯ ರೊಟ್ಟಿಗಳನ್ನೂ ತರಿಸಿ, ಯಾವುದು ಮೇಲೆಂದು ಕೇಳುತ್ತಾನೆ. ಸೃಷ್ಟಿ ಕೊಟ್ಟುದನ್ನು ಮನುಷ್ಯನ ಕೈ ಪೂರ್ಣಗೊಳಿಸಬೇಕೆಂಬುದು ಭಾವ. ಗುಣಾಧಾನ, ದೋಷಾಪನಯನ ಎಂದು ಸಂಸ್ಕಾರವನ್ನು ಎರಡಾಗಿ ವಿಂಗಡಿಸಿದ ನಮ್ಮ ಶಾಸ್ತ್ರಕಾರರು ಈ ಉತ್ತರಕ್ಕೆ ತಲೆದೂಗುತ್ತಿದ್ದರು. ಆದರೆ ಅದೇ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ಕಬೀರನು ತುರುಕನಿಗೆ ಹಾಕಿ, ಅದರ ಜೊತೆಯಲ್ಲಿಯೇ ಬ್ರಾಹ್ಮಣನಿಗೂ ಹಾಕಿದನು: ಹುಟ್ಟುವಾಗ ಬಾರದ ಗುರುತನ್ನು ಆಮೇಲೆ ಹಾಕಿ ಕುಲವನ್ನು ಬೇರೆ ಮಾಡುವುದು ಹೇಗೆಂದು. ಅಕೀವನ ರೊಟ್ಟಿ ಕಬೀರನಿಗೆ ಸಾಕಾಗುತ್ತಿತ್ತೋ ಇಲ್ಲವೋ. ಗೋದಿಗೆ ತನ್ನ ಮಾತಿಲ್ಲ, ಮಗುವಿಗೆ ಮುಂದೆ ಮಾತು ಬರುವುದು ಎಂಬ ಭೇದವನ್ನು ಅವನು ಎತ್ತಿ ತೋರಿಸದೆ ಬಿಡುತ್ತಿರಲಿಲ್ಲವೆಂದು ನನ್ನ ಊಹೆ.

ಹೇತುಗಳು ಹೀಗೆ ಬದಲಾಗುತ್ತ ಹೋದರೂ ಕರ್ಮ ಬದಲಾಗದಿದ್ದರೆ ಅದರಿಂದ ಏನು ಸಿದ್ಧವಾಗುವುದು? ಇದಕ್ಕೆ ಮೀಮಾಂಸಕರ ಹೇತುವನ್ನಿಗದಾಧಿಕರಣದಲ್ಲಿ ಉತ್ತರವಿದೆ. ಮೊರದಿಂದ ಹೋಮ ಮಾಡಬೇಕೆಂಬ ಒಂದು ವಿಧಿ. ಅನ್ನವು ಮೊರದಿಂದ ಸಿದ್ಧವಾಗುವುದೆಂಬ ಮಾತು ಅದರ ಪಕ್ಕದಲ್ಲಿ. ಅದು ನಿಜವಾದ ಹೇತುವಾದರೆ ಅನ್ನವನ್ನು ಸಿದ್ಧಪಡಿಸುವ ಗಡಿಗೆಯಿಂದಲೂ ಸೌಟಿನಿಂದಲೂ ಹೋಮ ಮಾಡಬಹುದಾಗುತ್ತದೆ, ವಿಧಿಯೇ ಸಡಿಲವಾಗುತ್ತದೆ. ಆದುದರಿಂದ ಅದು ಹೇತುವಲ್ಲ, ಸ್ತುತಿ, ಅರ್ಥವಾದ. ಈ ನ್ಯಾಯವನ್ನು ಇಲ್ಲಿ ಹಚ್ಚಿ ನೋಡಿರಿ. ಶೌಚವೇ ಸುನ್ನತಿಗೆ ಹೇತುವಾದರೆ, ನೀರಿನಿಂದ ತೊಳೆಯುವುದೂ ಆ ಹೇತುವನ್ನು ಪೂರೈಸುತ್ತದೆ; ಶಸ್ತ್ರವೇ ಬೇಕೆಂಬ ನಿಯಮ ಉಳಿಯದು. ಶಸ್ತ್ರವೇ ಬೇಕೆಂದಾದರೆ ಶೌಚವು ಹೇತುವಲ್ಲ.

೪

ಈಗ ವೈದ್ಯರ ಪಕ್ಷ. ಇವರು ವಿಧಿಯನ್ನು ಬಿಟ್ಟು ದೃಷ್ಟಫಲವನ್ನೇ ಹಿಡಿದವರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲೆಂಡು ಅಮೆರಿಕಗಳಲ್ಲಿ, ಮತದ ಆಜ್ಞೆಯಿಲ್ಲದ ಕ್ರೈಸ್ತರ ಮನೆಗಳಿಗೆ ಈ ಶಸ್ತ್ರಕರ್ಮ ಹೊಕ್ಕಿತು. ನ್ಯೂಯಾರ್ಕಿನ ಶಸ್ತ್ರವೈದ್ಯ ಲೂಯಿಸ್ ಸೇಯರ್ ೧೮೭೦ರಲ್ಲಿ, ಬಾಲಕರ ಪಾರ್ಶ್ವವಾಯುವಿನಂಥ ಕಾಯಿಲೆಗಳು ಇದರಿಂದ ಗುಣವಾದುವೆಂದು ಪ್ರಕಟಿಸಿದನು. ಮುಷ್ಟಿಮೈಥುನವನ್ನು ತಡೆಯುವುದೆಂಬ ಕಾರಣ ಬಂದಿತು. ಮುಂದೆ ಶುಚಿತ್ವ, ಆಮೇಲೆ ಅರ್ಬುದ ರೋಗದ ನಿವಾರಣೆ, ೧೯೮೦ರ ದಶಕದಲ್ಲಿ ಮೂತ್ರಮಾರ್ಗದ ಸೋಂಕು, ಈ ಶತಮಾನದಲ್ಲಿ ಎಚ್.ಐ.ವಿ. ಪಾರ್ಶ್ವವಾಯುವಿನ ಹೇತು ಬಿದ್ದುಹೋದಾಗ ಕರ್ಮವೂ ಬೀಳಬೇಕಾಗಿತ್ತು, ಬೀಳಲಿಲ್ಲ, ಬೇರೊಂದು ಹೇತು ಅದರ ಬುಡಕ್ಕೆ ಆನಿಕೆಯಾಗಿ ಬಂದಿತು. ಹಾಗೆಂದು ಹಿಂದಿನ ಹೇತು ಸುಳ್ಳಾದ ಮಾತ್ರಕ್ಕೆ ಇಂದಿನದೂ ಸುಳ್ಳೆಂದು ಹೇಳಲಾಗದು. ಪ್ರತಿಯೊಂದನ್ನೂ ಅದರದರ ಪ್ರಮಾಣದಿಂದಲೇ ಪರೀಕ್ಷಿಸಬೇಕು.

ಇಂಗ್ಲೆಂಡಿನಲ್ಲಿ ಈ ಪರೀಕ್ಷೆಯನ್ನು ಮಾಡಿದವನು ಡಗ್ಲಸ್ ಗೇರ್ಡ್ನರ್. ೧೯೪೯ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಬಂದ ಅವನ ಲೇಖನವು ಈ ವಾದದಲ್ಲಿ ನಾನು ಓದಿದವುಗಳಲ್ಲೆಲ್ಲ ಅತ್ಯಂತ ಸಂಯಮದ ಬರಹ. ಎಳೆಗೂಸಿನ ಮುಂದೊಗಲು ಹಿಂದಕ್ಕೆ ಸರಿಯದಿರುವುದು ರೋಗವಲ್ಲ, ಸ್ವಭಾವ. ವಯಸ್ಸು ಬೆಳೆದಂತೆ ಅದು ತಾನಾಗಿಯೇ ಬಿಡುವುದೆಂದು ಅವನು ಎಣಿಸಿ ತೋರಿಸಿದನು. ಅವನು ಹೇಳಿದುದಕ್ಕಿಂತಲೂ ನಿಧಾನವಾಗಿ ಅದು ಬಿಡುವುದೆಂದು ಅನಂತರದ ಶೋಧನೆಗಳು ತಿಳಿಸಿವೆ. ಅದರಿಂದ ಅವನ ಪಕ್ಷವೇ ಬಲವಾಯಿತು. ಆ ಕಾಲದಲ್ಲಿ ಈ ಶಸ್ತ್ರಕರ್ಮದಿಂದ ವರ್ಷಕ್ಕೆ ಸುಮಾರು ೧೬ ಮಕ್ಕಳು ಸಾಯುತ್ತಿದ್ದರೆಂಬುದನ್ನೂ ಅವನು ದಾಖಲೆಗಳಿಂದ ತೆಗೆದು ಕೊಟ್ಟನು. ಬ್ರಿಟನ್ನಿನಲ್ಲಿ ಪದ್ಧತಿ ಬೇಗನೆ ಇಳಿದುಹೋಯಿತು. ಸುಶ್ರುತನು ನಿರುದ್ಧಪ್ರಕಶವೆಂದು ಕರೆದ ರೋಗಕ್ಕೆ, ತುಪ್ಪ ಸವರಿದ ಎರಡು ಬಾಯಿಯ ನಳಿಗೆಯನ್ನು ಒಳಸೇರಿಸಿ ಮೂರು ಮೂರು ದಿನಕ್ಕೆ ಇನ್ನಷ್ಟು ದಪ್ಪನಾದುದನ್ನು ಇಡುತ್ತ ಬಾಯಿಯನ್ನು ಹಿಗ್ಗಿಸುವ ಚಿಕಿತ್ಸೆಯನ್ನು ಮೊದಲು ಹೇಳಿ, ಶಸ್ತ್ರವನ್ನು ಆಮೇಲೆ ಹೇಳಿರುವುದು ಇಲ್ಲಿ ನೆನಪಿಗೆ ಬರುವುದು. ಇಂದಿನ ವೈದ್ಯರು ಮುಲಾಮಿನಿಂದ ಪ್ರಾರಂಭಿಸುವರು, ಕ್ರಮ ಅದೇ.

ಅಮೆರಿಕದ ಶಿಶುವೈದ್ಯರ ಅಕಾಡೆಮಿ ೨೦೧೨ನೆಯ ಆಗಸ್ಟಿನಲ್ಲಿ ಒಂದು ಹೇಳಿಕೆಯನ್ನು ಹೊರಡಿಸಿತು. ನವಜಾತ ಬಾಲಕನ ಸುನ್ನತಿಯಿಂದಾಗುವ ಆರೋಗ್ಯಲಾಭವು ಅಪಾಯಕ್ಕಿಂತ ಹೆಚ್ಚು. ಆದರೆ ಎಲ್ಲ ಶಿಶುಗಳಿಗೂ ಮಾಡಬೇಕೆಂದು ಹೇಳುವಷ್ಟು ಹೆಚ್ಚಲ್ಲ. ತೀರ್ಮಾನ ತಂದೆತಾಯಿಗಳದು ಎಂದು ಅದರ ಸಾರ. ಮರುವರ್ಷ ಆ ಅಕಾಡೆಮಿಯ ಪತ್ರಿಕೆಯಲ್ಲಿಯೇ, ಬಹುಮಟ್ಟಿಗೆ ಯೂರೋಪಿನವರಾದ ೩೮ ಮಂದಿ ವೈದ್ಯರು ಉತ್ತರ ಬರೆದರು. ಹೇಳಿಕೆಯ ಹಿಂದೆ ಇರುವುದು ಅಮೆರಿಕದ ಸಂಸ್ಕೃತಿಯ ಪಕ್ಷಪಾತ. ಹೇಳಿದ ಲಾಭಗಳಲ್ಲಿ ಮೂತ್ರಮಾರ್ಗದ ಸೋಂಕೊಂದನ್ನು ಬಿಟ್ಟರೆ ಉಳಿದುವೆಲ್ಲ ಬಾಲಕನು ಬೆಳೆದು ತಾನೇ ತೀರ್ಮಾನಿಸುವ ವಯಸ್ಸಿಗೆ ಸಂಬಂಧಿಸಿದುವು ಎಂದು ಅವರ ಆಕ್ಷೇಪ. ಸುನ್ನತಿಯಿಲ್ಲದ ಸಮಾಜದಲ್ಲಿ ಬೆಳೆದವರಿಗೂ ಪಕ್ಷಪಾತವಿರಬಹುದಲ್ಲವೆ ಎಂದು ಅಕಾಡೆಮಿಯವರು ತಿರುಗಿ ಕೇಳಿದರು. ಹೆಚ್ಚುಕಡಮೆ ಅವೇ ಶೋಧನೆಗಳಿಂದ ಎರಡು ವಿರುದ್ಧ ನಿಗಮನಗಳು ಹುಟ್ಟಿದಾಗ ನೈಯಾಯಿಕನು ಹೇತುವನ್ನು ಬಿಟ್ಟು ವ್ಯಾಪ್ತಿಯನ್ನು ಪರೀಕ್ಷಿಸುವನು. ಇಲ್ಲಿ ಇಬ್ಬರೂ ಹೇಳದೆ ಒಪ್ಪಿಕೊಂಡ ವ್ಯಾಪ್ತಿ ಯಾವುದು? ಲಾಭ ಅಪಾಯಕ್ಕಿಂತ ಹೆಚ್ಚಾದರೆ ಮಾಡಬಹುದು ಎಂಬುದು ಒಬ್ಬರದು. ತಡೆದು ಮಾಡಲು ಸಾಧ್ಯವಾದುದನ್ನು ಶಿಶುವಿಗೆ ಮಾಡಬಾರದು ಎಂಬುದು ಇನ್ನೊಬ್ಬರದು. ಜಗಳವಿರುವುದು ಅಂಕಿಗಳಲ್ಲಿ ಅಲ್ಲ, ಈ ಎರಡು ವ್ಯಾಪ್ತಿಗಳಲ್ಲಿ.

ಅಂಕಿಗಳನ್ನಾದರೂ ನೋಡೋಣ. ೨೦೦೫ರಲ್ಲಿ ಪ್ರಕಟವಾದ ಒಂದು ಸಮಗ್ರ ಪರಿಶೀಲನೆಯಂತೆ, ಆರೋಗ್ಯವಂತ ಶಿಶುಗಳಲ್ಲಿ ಒಬ್ಬನಿಗೆ ಮೂತ್ರಮಾರ್ಗದ ಸೋಂಕು ತಪ್ಪಬೇಕಾದರೆ ೧೧೧ ಶಿಶುಗಳಿಗೆ ಸುನ್ನತಿ ಮಾಡಬೇಕು. ಆ ಸೋಂಕಾದರೋ ಔಷಧಕ್ಕೆ ಸಾಮಾನ್ಯವಾಗಿ ಬಗ್ಗುವಂಥದು. ಎಚ್.ಐ.ವಿ.ಯ ವಿಷಯದಲ್ಲಿ ದಕ್ಷಿಣ ಆಫ್ರಿಕ, ಕೆನ್ಯ, ಉಗಾಂಡಗಳಲ್ಲಿ ನಡೆದು ೨೦೦೫ ಮತ್ತು ೨೦೦೭ರಲ್ಲಿ ಪ್ರಕಟವಾದ ಮೂರು ಪರೀಕ್ಷೆಗಳು, ಸ್ತ್ರೀಸಂಪರ್ಕದಿಂದ ಪುರುಷನಿಗೆ ತಗಲುವ ಸೋಂಕು ಶೇಕಡ ೫೦ರಿಂದ ೬೦ರವರೆಗೆ ಕಡಮೆಯಾಯಿತೆಂದು ತೋರಿಸಿದುವು. ಇದು ಸಣ್ಣ ಫಲವಲ್ಲ. ಆದರೆ ಆ ಪರೀಕ್ಷೆಗಳಿಗೆ ಬಂದವರು ತಾವೇ 'ಹೂಂ' ಎಂದ ತರುಣರು ಮತ್ತು ವಯಸ್ಕರು. ಅವರ ಸಮ್ಮತಿಯಿಂದ ಸಿದ್ಧವಾದ ಫಲವನ್ನು ಸಮ್ಮತಿ ಕೊಡಲಾರದ ಶಿಶುವಿಗೆ ಸಾಧನವಾಗಿ ತರುವಲ್ಲಿ ಉಪಾಧಿದೋಷವಿದೆ. ಪೂರ್ವಪಕ್ಷದಲ್ಲಿ ಒಂದು ಬಲವಾದ ಮಾತು ಉಳಿಯುವುದು: ಶೈಶವದಲ್ಲಿ ಗಾಯ ಬೇಗ ಮಾಯುವುದು, ತೊಡಕುಗಳು ವಿರಳ, ಬೆಳೆದ ಮೇಲೆ ಅವು ಹೆಚ್ಚು. ಇದು ನಿಜ. ಆದರೆ ಬೆಳೆದವನು ಹೇಗೂ ಮಾಡಿಸಿಕೊಳ್ಳುವನೆಂದು ಮೊದಲೇ ಇಟ್ಟುಕೊಂಡರೆ ಮಾತ್ರ ಈ ಹೋಲಿಕೆ ಕೂಡುವುದು. ಪದ್ಧತಿಯಿಲ್ಲದ ನಾಡುಗಳಲ್ಲಿ ಬೆಳೆದವರು ತಾವಾಗಿ ಮಾಡಿಸಿಕೊಳ್ಳುವುದು ವಿರಳ. ಶಿಶುವಿಗೆ ನೋವು ಕಡಮೆಯೆಂಬ ಮೈಮೊನಿಡೀಸನ ಕಾರಣವಂತೂ ಇಂದು ನಿಲ್ಲದು. ಶೈಶವದಲ್ಲಿ ಸುನ್ನತಿಯಾದ ಬಾಲಕರು ನಾಲ್ಕರಿಂದ ಆರು ತಿಂಗಳಿಗೆ ಲಸಿಕೆ ಚುಚ್ಚಿದಾಗ ಹೆಚ್ಚು ನೋವನ್ನು ತೋರಿದರೆಂದು ೧೯೯೭ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಗಿದೆ.

೫

ಖಂಡಿಸುವವರ ಬರಹಗಳಲ್ಲಿ ದೋಷವಿಲ್ಲವೆಂದು ವಾಚಕರು ತಿಳಿಯಬಾರದು. ಅಂಗಚ್ಛೇದ, ವಿರೂಪಗೊಳಿಸುವಿಕೆ ಎಂಬ ಮಾತುಗಳನ್ನು ಪ್ರತಿಜ್ಞೆಯಲ್ಲಿಯೇ ಇಟ್ಟು, ಆಮೇಲೆ ಅದನ್ನೇ ನಿಗಮನದಲ್ಲಿ ಸಾಧಿಸಿದೆವೆನ್ನುವುದು ಅಲ್ಲಿಯ ಸಾಮಾನ್ಯವಾದ ಛಲ. ಕೋಟ್ಯಂತರ ಗಂಡಸರು ತಮ್ಮನ್ನು ವಿರೂಪರೆಂದು ಭಾವಿಸದೆ ಬಾಳುತ್ತಿರುವುದು ಅವರಿಗೆ ಪ್ರತ್ಯಕ್ಷವಿರೋಧವೆಂದು ತೋರಿಲ್ಲ.

ಇದಕ್ಕಿಂತ ದೊಡ್ಡ ದೋಷ ದೇಶಕಾಲಗಳ ಮರೆವು. ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ಆಂಟಿಯೋಕಸನೆಂಬ ದೊರೆ ಸುನ್ನತಿಯನ್ನು ನಿಷೇಧಿಸಿ, ಮಾಡಿಸಿದ ತಾಯಂದಿರನ್ನು ಕೊಲ್ಲಿಸಿ ಅವರ ಕೂಸುಗಳನ್ನು ಕೊರಳಿಗೆ ನೇತುಹಾಕಿಸಿದನೆಂದು ಮಕ್ಕಬಿಯರ ಮೊದಲನೆಯ ಗ್ರಂಥ ಹೇಳುವುದು. ಆ ನೆನಪು ಇರುವ ಜನಾಂಗಕ್ಕೆ, ಅದೂ ಜರ್ಮನಿಯ ನೆಲದಲ್ಲಿ, ನ್ಯಾಯಸ್ಥಾನದ ತೀರ್ಪು ಹೇಗೆ ಕೇಳಿಸಿರಬೇಕು? ೨೦೧೮ರಲ್ಲಿ ಐಸ್‌ಲೆಂಡಿನ ಶಾಸನಸಭೆಯ ಮುಂದೆ ಬಂದು ಶಾಸನವಾಗದೆ ಹೋದ ಮಸೂದೆ, ಸುನ್ನತಿ ಮಾಡಿದವನಿಗೆ ಆರು ವರ್ಷದವರೆಗೆ ಸೆರೆವಾಸವನ್ನು ಹೇಳಿತ್ತು. ಮಗುವಿನ ಹೆಸರಿನಲ್ಲಿ ಬರೆದ ಶಾಸನವು ಮಗುವಿನ ತಂದೆಯನ್ನು ಸೆರೆಗೆ ಕಳುಹಿಸಿದರೆ ಮಗುವಿಗೆ ಉಳಿಯುವ ಹಿತವೆಷ್ಟು ಎಂಬ ಲೆಕ್ಕ ಅದರಲ್ಲಿ ಇರಲಿಲ್ಲ.

ಈ ಸಂದರ್ಭದಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ನನ್ನ ಮೊಮ್ಮಗನಿಗೆ ಕರ್ಣವೇಧವಾಯಿತು. ಮಗುವನ್ನು ತೊಡೆಯ ಮೇಲೆ ಹಿಡಿದು ಕುಳಿತವನು ನಾನೇ. ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿ ಆಟಿಕೆಗಳಿಂದ ಮರುಳುಗೊಳಿಸಬೇಕೆಂದು ಸುಶ್ರುತನು ಹೇಳಿರುವಂತೆಯೇ ಗಿಲಕಿಯನ್ನು ಆಡಿಸಿದೆವು, ಅಕ್ಕಸಾಲಿಗನು ತಂತಿಯನ್ನು ತೂರಿಸಿದನು, ಮಗು ಕಿರಿಚಿತು, ನಾವೆಲ್ಲ ನಗುತ್ತ ಆರತಿ ಎತ್ತಿಸಿದೆವು. ಇದನ್ನು ಏಕೆ ಮಾಡುವುದೆಂದು ಸೊಸೆ ಕೇಳಿದಳು. ನರಗಳಿಗೆ ಒಳ್ಳೆಯದಮ್ಮ ಎಂದುಬಿಟ್ಟೆ. ಯಾವ ಪ್ರಮಾಣದಿಂದ ಹಾಗೆಂದೆನೋ ಇಂದಿಗೂ ಅರಿಯೆ. ಸುಶ್ರುತನು ರಕ್ಷೆ, ಭೂಷಣ ಎಂಬ ಎರಡು ನಿಮಿತ್ತಗಳನ್ನು ಹೇಳಿದ್ದಾನೆ. ನರಗಳ ಮಾತನ್ನು ಅವನ ಬಾಯಲ್ಲಿ ಇಟ್ಟವರು ನಾವು. ಪರಂಪರೆಯಿಂದ ಮಾಡಿದೆವೆಂದು ಹೇಳಲು ನಾಚಿ ಆರೋಗ್ಯದ ಹೆಸರನ್ನು ಮುಂದಿಟ್ಟ ಆ ದಿನದ ನಾನೂ, ಮತಕ್ಕಾಗಿ ಶಾಸನ ಮಾಡಿ ಮತದ ಹೆಸರನ್ನು ಬಾಗಿಲಲ್ಲಿ ಹೇಳದ ಶಾಸನಸಭೆಯೂ ಒಂದೇ ತಪ್ಪನ್ನು ಮಾಡಿದೆವು. ಕಿವಿಯ ತೂತು ಬಿಟ್ಟರೆ ಮುಚ್ಚಿಕೊಳ್ಳಬಹುದು, ಕತ್ತರಿಸಿದ ಚರ್ಮ ಮತ್ತೆ ಬೆಳೆಯದು. ಆದುದರಿಂದ ಎರಡನ್ನೂ ಸಮವೆನ್ನುತ್ತಿಲ್ಲ. ಇನ್ನೊಬ್ಬರ ಹೇತುವನ್ನು ತೂಗಲು ಹೊರಟವನು ತನ್ನ ತಕ್ಕಡಿಯನ್ನು ಮೊದಲು ನೋಡಿಕೊಳ್ಳಬೇಕೆಂದಷ್ಟೇ ಹೇಳುತ್ತಿದ್ದೇನೆ.

೬

ಹೇತುಗಳನ್ನೆಲ್ಲ ಶೋಧಿಸಿದ ಮೇಲೆ ಉಳಿಯುವುದು ಅಧಿಕಾರದ ಪ್ರಶ್ನೆ. ತಂದೆ ಮಾಡಿಸಿದ ಕರ್ಮದ ಫಲ ಮಗನಿಗೆ ಸಲ್ಲುವುದೆ? ಮಗನ ಮೇಲೆ ಅದನ್ನು ಮಾಡಿಸಲು ತಂದೆಗೆ ಎಲ್ಲಿಯವರೆಗೆ ಅಧಿಕಾರ? ಮೀಮಾಂಸಾದರ್ಶನದ ನಾಲ್ಕನೆಯ ಅಧ್ಯಾಯದಲ್ಲಿ ಜಾತೇಷ್ಟಿಯ ವಿಚಾರವಿದೆ. ಮಗನು ಹುಟ್ಟಿದಾಗ ತಂದೆ ವೈಶ್ವಾನರನಿಗೆ ಹನ್ನೆರಡು ಕಪಾಲಗಳ ಪುರೋಡಾಶವನ್ನು ಅರ್ಪಿಸುವ ಇಷ್ಟಿ ಇದು. ಮಾಡುವವನು ತಂದೆಯಾದರೂ ಫಲ ಮಗನದೆಂದು ಅಲ್ಲಿ ಸಿದ್ಧಾಂತ. ಇಷ್ಟರಿಂದ, ತಂದೆತಾಯಿಗಳು ಮಗುವಿನ ಪರವಾಗಿ ಯಾವ ಕರ್ಮವನ್ನೂ ಮಾಡಬಾರದೆಂಬ ಅತಿವಾದ ಬೀಳುವುದು. ಆದರೆ ಅದರ ಮುಂದಿನ ವಿಚಾರ ಇನ್ನೂ ಮುಖ್ಯವಾದುದು. ಹುಟ್ಟಿದುದೇ ನಿಮಿತ್ತವಾದುದರಿಂದ ಹುಟ್ಟಿದೊಡನೆ ಇಷ್ಟಿಯನ್ನು ಮಾಡಬೇಕಲ್ಲವೆ ಎಂದು ಪೂರ್ವಪಕ್ಷ. ಹಾಗೆ ಮಾಡಿದರೆ ಜಾತಕರ್ಮವೂ ಸ್ತನ್ಯಪಾನವೂ ತಡವಾಗಿ ಕೂಸಿನ ಪ್ರಾಣಕ್ಕೆ ಅಪಾಯ. ಫಲವನ್ನು ಪಡೆಯಬೇಕಾದವನೇ ಇಲ್ಲವಾದರೆ ಫಲ ಯಾರಿಗೆ? ಆದುದರಿಂದ ಜಾತಕರ್ಮವಾಗಿ ಆಶೌಚ ಕಳೆದ ಮೇಲೆ ಮಾಡತಕ್ಕುದೆಂದು ನಿರ್ಣಯ. ಕರ್ಮವು ಯಾರಿಗಾಗಿಯೋ ಅವನ ದೇಹಕ್ಷೇಮವೇ ಕರ್ಮದ ಮೇರೆಯೆಂಬುದು ಇದರಿಂದ ಹೊರಡುವ ನ್ಯಾಯ.

ಈ ನ್ಯಾಯ ಯೆಹೂದ್ಯರಿಗೆ ಹೊರಗಿನದಲ್ಲ. ಒಬ್ಬ ತಾಯಿಯ ಮಕ್ಕಳು ಸುನ್ನತಿಯಿಂದ ಒಬ್ಬನಾದ ಮೇಲೊಬ್ಬನು ಸತ್ತರೆ ಮುಂದಿನವನಿಗೆ ಮಾಡಬಾರದೆಂದು ತಾಲ್ಮುದ್ ವಿಧಿಸುವುದು. ಇಬ್ಬರು ಸತ್ತರೆ ಸಾಕೋ ಮೂವರೋ ಎಂಬಲ್ಲಿ ಮಾತ್ರ ಮತಭೇದ. ಕಾಯಿಲೆಯ ಶಿಶುವಿಗೆ ಎಂಟನೆಯ ದಿನ ಮೀರಿದರೂ ಕಾಯಬೇಕು. ಕರ್ಮವನ್ನು ಆಮೇಲೆ ಮಾಡಬಹುದು, ಹೋದ ಪ್ರಾಣವನ್ನು ತರಲಾಗದು ಎಂದು ಮೈಮೊನಿಡೀಸನೇ ಹೇಳಿದ್ದಾನೆ. ಕಾಲವು ವಿಧಿಯ ಅಂಗವಾದರೂ ಕ್ಷೇಮಕ್ಕೆ ಅದು ಅಧೀನವೆಂದಾಯಿತು. ಸುನ್ನತಿ ಕಡ್ಡಾಯವೇ ಎಂಬ ಚರ್ಚೆ ಆ ಸಮುದಾಯದೊಳಗೆ, ಅದೇ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ, ೧೮೪೩ರಷ್ಟು ಹಿಂದೆಯೇ ನಡೆದಿದೆ; ಇಂದು ಶಸ್ತ್ರವಿಲ್ಲದ ನಾಮಕರಣವಿಧಿಯನ್ನು ಅನುಸರಿಸುವ ಕೆಲವು ಯೆಹೂದ್ಯ ಕುಟುಂಬಗಳೂ ಇವೆ.

ಮುಸಲ್ಮಾನರ ಸ್ಥಿತಿ ಬೇರೆ. ವಾದಗ್ರಂಥಗಳು ಇಬ್ಬರನ್ನೂ ಒಂದೇ ಕಟ್ಟಿನಲ್ಲಿ ಕಟ್ಟಿರುವುದು ಸರಿಯಲ್ಲ. ಕುರಾನಿನಲ್ಲಿ ಸುನ್ನತಿಯ ಉಲ್ಲೇಖವಿಲ್ಲ. ಹದೀಸಿನಲ್ಲಿ, ಉಗುರು ಕತ್ತರಿಸುವುದೇ ಮೊದಲಾದ ಸಹಜಾಚಾರಗಳ ಸಾಲಿನಲ್ಲಿ ಅದು ಬರುವುದು. ಶಾಫಿಈ ಪಂಥದವರು ಅದನ್ನು ಕಡ್ಡಾಯವೆಂದೂ ಹನಫೀ, ಮಾಲಿಕೀ ಪಂಥದವರು ಸುನ್ನತ್ ಎಂದೂ ಎಣಿಸುವರು. ಎಂಟನೆಯ ದಿನವೆಂಬಂಥ ಕಟ್ಟುನಿಟ್ಟಾದ ಕಾಲನಿಯಮ ಅಲ್ಲಿ ಇಲ್ಲ. ತುರ್ಕಿಯಲ್ಲಿ ಓಡಾಡುವ ವಯಸ್ಸಿನ ಹುಡುಗರಿಗೆ ಉಡುಪು ತೊಡಿಸಿ ಉತ್ಸವದೊಡನೆ ಮಾಡುವರು. ಇಬ್ರಾಹೀಮನು ಎಂಬತ್ತರ ವಯಸ್ಸಿನಲ್ಲಿ ತಾನೇ ಮಾಡಿಕೊಂಡನೆಂದು ಬುಖಾರಿಯ ಸಂಗ್ರಹದಲ್ಲಿದೆ. ಕಾಲನಿಯಮವಿಲ್ಲದಲ್ಲಿ ಕಾಯುವುದರಿಂದ ವಿಧಿಗೆ ಲೋಪವಿಲ್ಲ. ಹಾಗಾದರೆ ಕೊಲೋನ್ ನ್ಯಾಯಸ್ಥಾನದ 'ಕಾಯಿರಿ' ಎಂಬ ಮಾತು ಆ ಬಾಲಕನ ತಂದೆತಾಯಿಗಳಿಗೆ ಶಾಸ್ತ್ರವಿರುದ್ಧವಾಗಿರಲಿಲ್ಲ. ಅದನ್ನು ಅವರ ಶಾಸ್ತ್ರದಿಂದಲೇ ತೆಗೆದು ಹೇಳುವ ವಿದ್ವಾಂಸನು ಮಾತ್ರ ಆ ತೀರ್ಪಿನಲ್ಲಿ ಮಾತಾಡಲಿಲ್ಲ.

ನಮ್ಮ ದೇಶದಲ್ಲಿಯೂ ಮಕ್ಕಳಿಗೆ ಚಿಕಿತ್ಸಾರ್ಥವಲ್ಲದ ಸುನ್ನತಿಯನ್ನು ನಿಷೇಧಿಸಬೇಕೆಂಬ ಅರ್ಜಿಯೊಂದು ಕೇರಳದ ಉಚ್ಚ ನ್ಯಾಯಾಲಯಕ್ಕೆ ಬಂದು ೨೦೨೩ನೆಯ ಮಾರ್ಚಿಯಲ್ಲಿ ವಜಾ ಆಯಿತು. ಪ್ರಶ್ನೆ ಇಲ್ಲಿಗೂ ಬಂದಿದೆಯಾದುದರಿಂದ ನನಗೆ ತೋರಿದ ಸಿದ್ಧಾಂತವನ್ನು ಸಂಗ್ರಹವಾಗಿ ಹೇಳುತ್ತೇನೆ. ಆರೋಗ್ಯವೇ ಹೇತುವೆನ್ನುವವನು ಆರೋಗ್ಯದ ಪ್ರಮಾಣಕ್ಕೆ ತಲೆಬಾಗಬೇಕು. ರೋಗವಿಲ್ಲದ ಶಿಶುವಿನಲ್ಲಿ ಆ ಪ್ರಮಾಣ ಶಸ್ತ್ರವನ್ನು ಬೇಡುವುದಿಲ್ಲ. ವಿಧಿಯೇ ಹೇತುವೆನ್ನುವವನು ವಿಧಿಯೆಂದೇ ಹೇಳಬೇಕು. ಆರೋಗ್ಯದ ಆನಿಕೆಯನ್ನು ಹಿಡಿದ ವಿಧಿ ಅದು ಬಿದ್ದ ದಿನ ತಾನೂ ಬೀಳುವುದು. ವಿಧಿಯೆಂದು ಹೇಳಿದವನಿಗೆ, ಫಲ ಯಾರಿಗೋ ಅವನ ಕ್ಷೇಮವನ್ನು ನೋಡಿಕೊಳ್ಳುವ ಭಾರವೂ ಬರುವುದು: ನೋವು ತಿಳಿಯದಂತೆ ಮಾಡುವುದು, ಕುಶಲನ ಕೈಯಲ್ಲಿ ಮಾಡಿಸುವುದು, ಕಾಯಬಹುದಾದಲ್ಲಿ ಕಾಯುವುದು. ಮಗುವಿಗೆ ಮಾತು ಬರುವವರೆಗೆ ಅದರ ಶರೀರವನ್ನು ಇದ್ದಂತೆ ಬಿಡುವುದೇ ಲೇಸೆಂಬುದು ನನ್ನ ಅಭಿಮತ. ಆದರೆ ಆ ಕಾಯುವಿಕೆಯನ್ನು ಸೆರೆಮನೆಯ ಬೀಗದಿಂದ ಕಲಿಸಲಾಗದು. ಆಯಾ ಶಾಸ್ತ್ರವನ್ನು ಬಲ್ಲವರೇ ತಮ್ಮ ಶಾಸ್ತ್ರದೊಳಗಿನಿಂದ ಅದನ್ನು ತೆಗೆದು ತೋರಿಸಬೇಕು. ತೆಗೆಯುವುದಕ್ಕೆ ಅಲ್ಲಿ ಸಾಮಗ್ರಿ ಇದೆಯೆಂಬುದನ್ನು ಮೇಲೆ ನಿರೂಪಿಸಿದೆನು.

ಯೆಹೂದ್ಯ ಇಸ್ಲಾಂ ಧರ್ಮಶಾಸ್ತ್ರಗಳನ್ನು ಗುರುಮುಖದಿಂದ ತಿಳಿದವರು ಇದರಲ್ಲಿ ದೋಷವನ್ನು ಕಂಡರೆ ತಿದ್ದಬೇಕೆಂದು ಪ್ರಾರ್ಥಿಸುತ್ತೇನೆ. ನನ್ನ ಮನೆಯಲ್ಲಿ ಇನ್ನೊಂದು ಕೂಸು ಹುಟ್ಟಿದೆ. ಕಿವಿ ಚುಚ್ಚಿಸುವ ತಿಂಗಳು ಹತ್ತಿರವಾಗುತ್ತಿದೆ. ಈ ಸಲ ಸೊಸೆ ಏಕೆಂದು ಕೇಳಿದರೆ ನರಗಳ ಮಾತನ್ನು ಎತ್ತುವುದಿಲ್ಲ.